ಇನ್ಸ್‌ಬ್ರುಕ್‌ಗೆ ಬೇಡ, ಮ್ಯೂನಿಕ್‌ಗೆ ಟಿಕೆಟ್ ಮಾಡಿಸಿ

ಇನ್ಸ್‌ಬ್ರುಕ್, ಆಸ್ಟ್ರಿಯಾ

ತೀರ್ಥರೂಪು ಅಪ್ಪ ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಮೇಗರವಳ್ಳಿಯಲ್ಲಿ ಮಳೆ ಹಿಡಿದರೆ ಫೋನಿನಲ್ಲಿ ಒಂದು ಮಾತೂ ಪೂರ್ತಿ ಕೇಳೋದಿಲ್ಲ. ಟಿಕೆಟ್ ವಿಷಯ ಅರ್ಧಂಬರ್ಧ ಆಗಬಾರದು ಅಂತ ಕಾಗದ ಬರೆಯುತ್ತಿದ್ದೇನೆ. ಅಪ್ಪ, ಇದನ್ನು ಪೂರ್ತಿ ಓದಿ, ಆಮೇಲೆ ಟಿಕೆಟ್ ಮಾಡಿಸಿ.

ನೀವು ಹೇಳಿದ ದಾರಿ ಮ್ಯಾಪಿನಲ್ಲಿ ನೋಡಿದರೆ ಚೆನ್ನಾಗೇ ಕಾಣುತ್ತದೆ. ಆಗುಂಬೆ ಇಳಿದು ಮಂಗಳೂರು, ಅಲ್ಲಿಂದ ದುಬೈ, ದುಬೈಯಿಂದ ವಿಯೆನ್ನಾ, ವಿಯೆನ್ನಾದಿಂದ ಇನ್ಸ್‌ಬ್ರುಕ್. ಹೊರದೇಶಕ್ಕೆ ವಿಮಾನ ಇರುವ ಏರ್‌ಪೋರ್ಟುಗಳಲ್ಲಿ ನಿಮ್ಮ ಮನೆಗೆ ಹತ್ತಿರದ್ದು ಮಂಗಳೂರಿನ ಬಜಪೆ, ನನ್ನ ಮನೆಗೆ ಹತ್ತಿರದ್ದು ಇನ್ಸ್‌ಬ್ರುಕ್. ಆದರೆ ಎರಡೂ ತುದಿಯಲ್ಲಿ ಬೆಟ್ಟ ಇದೆ, ನಡುವೆ ಎರಡು ಕಡೆ ವಿಮಾನ ಬದಲಿಸಬೇಕು. ಒಂದು ಕಡೆ ತಡವಾದರೆ ಮುಂದಿನದೆಲ್ಲ ಕೈತಪ್ಪುತ್ತದೆ. ಮೊದಲ ಸಲ ವಿಮಾನ ಹತ್ತುವವರಿಗೆ ಅದು ಬೇಡ.

ಇಲ್ಲಿನ ಏರ್‌ಪೋರ್ಟ್ ಹೇಗಿದೆ ಅಂತ ಹೇಳುತ್ತೇನೆ. ಊರಿನ ಮಗ್ಗುಲಲ್ಲೇ ಇದೆ, ಸಿಟಿ ಬಸ್ಸಿನಲ್ಲೇ ಹೋಗಬಹುದು. ಇನ್ ಅನ್ನುವ ನದಿಯ ಕಣಿವೆ ಇದು. ಉತ್ತರಕ್ಕೆ ನಾರ್ಡ್‌ಕೆಟ್ಟೆ ಸಾಲು, 2300 ಮೀಟರ್ ದಾಟಿದ ಬಂಡೆ ಬೆಟ್ಟ. ದಕ್ಷಿಣಕ್ಕೆ ಪಾಚರ್‌ಕೋಫೆಲ್, ಅದೂ 2246 ಮೀಟರ್. ಇವೆರಡರ ನಡುವೆ ವಿಮಾನ ಇಳಿಯಬೇಕು. ರನ್‌ವೇ 2000 ಮೀಟರ್ ಮಾತ್ರ. ನಮ್ಮ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನದು 3200 ಮೀಟರ್. ಇಲ್ಲಿ ವಿಮಾನ ಇಳಿಸುವ ಪೈಲಟ್‌ಗಳಿಗೆ ಬೇರೆಯೇ ತರಬೇತಿ ಕೊಡುತ್ತಾರೆ.

ಅದಕ್ಕಿಂತ ದೊಡ್ಡ ವಿಷಯ ಇಲ್ಲಿನ ಗಾಳಿ. ಫ್ಯೋನ್ ಅಂತ ಕರೆಯುತ್ತಾರೆ. ದಕ್ಷಿಣದ ಬ್ರೆನ್ನರ್ ಕಣಿವೆಯಿಂದ ಇಳಿದು ಬರುವ ಬಿಸಿ ಗಾಳಿ, ವಸಂತ ಮತ್ತು ಶರತ್ಕಾಲದಲ್ಲಿ ಜಾಸ್ತಿ. ನೀವು ಬರುವ ಸಮಯವೂ ಅದೇ. ಆ ದಿನ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿರುತ್ತದೆ, ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ನೋಡಿದವರಿಗೆ ಇಂಥ ಒಳ್ಳೆ ದಿನ ಇನ್ನೊಂದಿಲ್ಲ ಅನ್ನಿಸಬೇಕು. ಆದರೆ ಕಿಟಕಿ ಬಾಗಿಲೆಲ್ಲ ಗಡಗಡ ಅನ್ನುತ್ತಿರುತ್ತದೆ. ನಾನು ಬಾಲ್ಕನಿಯಲ್ಲಿ ನಿಂತು ನೋಡಿದ್ದೇನೆ. ವಿಮಾನ ಚಕ್ರ ಬಿಟ್ಟುಕೊಂಡು ಮನೆಗಳ ಮೇಲೆ ಬರುತ್ತದೆ, ರೆಕ್ಕೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲುತ್ತದೆ, ಇನ್ನೇನು ನೆಲ ಮುಟ್ಟಿತು ಅನ್ನುವಾಗ ಜೋರಾಗಿ ಸದ್ದು ಮಾಡಿ ಮತ್ತೆ ಮೇಲಕ್ಕೆ ಏಳುತ್ತದೆ. ಪೈಲಟ್ ಮಾಡೋದು ಸರಿಯೇ, ಅದರಲ್ಲಿ ಅಪಾಯ ಇಲ್ಲ. ಆದರೆ ಅಮ್ಮ ಅದರೊಳಗೆ ಕೂತಿರೋದು ನನಗೆ ಬೇಡ. ಅಲ್ಲದೆ ಇಳಿಯಲು ಆಗದಿದ್ದರೆ ಆ ವಿಮಾನವನ್ನು ಜರ್ಮನಿಯ ಮ್ಯೂನಿಕ್‌ಗೋ ಇಲ್ಲಿನ ಸಾಲ್ಸ್‌ಬರ್ಗ್‌ಗೋ ಕಳಿಸುತ್ತಾರೆ, ಅಲ್ಲಿಂದ ಬಸ್ಸಿನಲ್ಲಿ ಬರಬೇಕು. ಕೊನೆಗೆ ಮ್ಯೂನಿಕ್‌ನಿಂದಲೇ ಬರುವ ಹಾಗಾದರೆ ಮೊದಲೇ ಅಲ್ಲಿ ಇಳಿಯೋದು ಮೇಲಲ್ವಾ?

ಮ್ಯೂನಿಕ್ ಬಯಲಿನಲ್ಲಿದೆ, ದೊಡ್ಡ ಏರ್‌ಪೋರ್ಟ್. ಬೆಂಗಳೂರಿನಿಂದ ಅಲ್ಲಿಗೆ 2023ರ ನವೆಂಬರ್‌ನಲ್ಲಿ ನೇರ ವಿಮಾನ ಶುರುವಾಗಿದೆ. ಯಾವ ಯಾವ ದಿನ ಇದೆ ಅಂತ ತಮ್ಮ ನೋಡಿ ಹೇಳಲಿ. ಒಂದೇ ವಿಮಾನ, ಒಂಬತ್ತು ಹತ್ತು ತಾಸು, ನಡುವೆ ಎಲ್ಲೂ ಇಳಿಯೋದಿಲ್ಲ. ವೀಸಾ ಆಸ್ಟ್ರಿಯಾದ್ದಾದರೂ ಜರ್ಮನಿಯಲ್ಲಿ ಇಳಿಯಬಹುದು, ಷೆಂಗೆನ್ ವೀಸಾ ಎರಡಕ್ಕೂ ಒಂದೇ. ಕೌಂಟರಿನಲ್ಲಿ ಕೇಳಿದರೆ ನನ್ನ ಆಹ್ವಾನ ಪತ್ರ ತೋರಿಸಿ. ಬಾಗಿಲಿನ ಹೊರಗೆ ನಾನೇ ನಿಂತಿರುತ್ತೇನೆ.

ಅಲ್ಲಿಂದ ಇನ್ಸ್‌ಬ್ರುಕ್‌ಗೆ ನೇರ ಬಸ್ಸೂ ಇದೆ. ಆದರೆ ನಾನು ರೈಲನ್ನೇ ಯೋಚಿಸಿದ್ದೇನೆ, ಎದ್ದು ಓಡಾಡಬಹುದು, ಶೌಚಾಲಯ ಇದೆ. ಏರ್‌ಪೋರ್ಟಿನ ಕೆಳಗಿನಿಂದಲೇ ಲೋಕಲ್ ರೈಲು ಹೊರಡುತ್ತದೆ. ಮ್ಯೂನಿಕ್ ಈಸ್ಟ್ ಸ್ಟೇಷನ್ನಿನಲ್ಲಿ ಇಳಿದು ಇಟಲಿ ಕಡೆ ಹೋಗುವ ರೈಲು ಹತ್ತಿದರೆ ಎರಡು ತಾಸಿನೊಳಗೆ ಇನ್ಸ್‌ಬ್ರುಕ್. ಮುಖ್ಯ ಸ್ಟೇಷನ್ನಿಗೆ ಹೋಗಿ ಆ ಗದ್ದಲದಲ್ಲಿ ಬ್ಯಾಗ್ ಎಳೆದಾಡೋದು ಬೇಡ. ರೋಸೆನ್‌ಹೈಮ್ ದಾಟಿದ ಮೇಲೆ ರೈಲು ಇನ್ ನದಿ ಹಿಡಿದುಕೊಂಡೇ ಬರುತ್ತದೆ, ಕುಫ್‌ಸ್ಟೈನ್ ಬಂದರೆ ಆಸ್ಟ್ರಿಯಾ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ತುಂಗೆಯ ಪಕ್ಕದಲ್ಲೇ ಶಿವಮೊಗ್ಗಕ್ಕೆ ಹೋಗುತ್ತೀವಲ್ಲ, ಹಾಗೆ. ಘಾಟಿ ತಿರುವು ಇಲ್ಲ, ಅಮ್ಮನಿಗೆ ವಾಂತಿಯ ಭಯ ಬೇಡ. ಮಿಟೆನ್‌ವಾಲ್ಡ್ ಮೇಲೆ ಬರುವ ಇನ್ನೊಂದು ರೈಲು ದಾರಿ ನೋಡಲು ಬಹಳ ಚಂದ, ಆದರೆ ಅದು ಬೆಟ್ಟ ಹತ್ತಿ ಇಳಿದು ತಿರುಗುತ್ತಾ ಬರುತ್ತದೆ. ಅದನ್ನು ಸುಧಾರಿಸಿಕೊಂಡ ಮೇಲೆ ನೋಡೋಣ.

ಇನ್ನು ನಿಮ್ಮ ಕಡೆಯ ದಾರಿ. ಮಂಗಳೂರು ಬೇಡ ಅಂತ ಯಾಕೆ ಹೇಳ್ತೀನಿ ಅಂದರೆ, ಆಗುಂಬೆಯ ವಿಷಯ ನಿಮಗಿಂತ ಯಾರಿಗೆ ಗೊತ್ತು? ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಾಗ, ಹದಿನಾಲ್ಕು ತಿರುವು. ಸೆಪ್ಟೆಂಬರಿನಲ್ಲೂ ಮರ ಬಿದ್ದರೆ ಸೋಮೇಶ್ವರ ತಲುಪೋದೇ ಕಷ್ಟ. ಬಜಪೆಯದು ಗುಡ್ಡದ ತಲೆ ಮೇಲಿನ ರನ್‌ವೇ, ಮೋಡ ಕೆಳಗಿಳಿದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ.

ಸೋಗಾನೆಯಿಂದ ಹತ್ತಬೇಕು ಅನ್ನುವ ಆಸೆ ನಿಮಗಿದೆ ಅಂತ ಗೊತ್ತು. ನಮ್ಮ ಕುವೆಂಪು ಹೆಸರಿನ ಏರ್‌ಪೋರ್ಟ್, ನನಗೂ ಅದರ ಮೇಲೆ ಅಭಿಮಾನ. 2023ರ ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕರ ವಿಮಾನ ಇಳಿದಾಗ ನಾನಿಲ್ಲಿ ವಿಡಿಯೋ ನೋಡಿ ಕಣ್ಣೀರು ಹಾಕಿದೆ. ಆದರೆ ಹೋಗುವಾಗ ಅದು ಬೇಡ ಅಪ್ಪ. ವಿಮಾನಗಳು ಕಡಿಮೆ, ಒಂದು ರದ್ದಾದರೆ ಬೆಂಗಳೂರಿನ ದೊಡ್ಡ ವಿಮಾನವೂ ಹೋಯಿತು. ವಾಪಸ್ ಊರಿಗೆ ಬರುವಾಗ ಧಾರಾಳವಾಗಿ ಸೋಗಾನೆಗೇ ಬನ್ನಿ. ಆಗ ರದ್ದಾದರೂ ರೈಲು ಹತ್ತಿದರಾಯ್ತು, ಕಳೆದುಕೊಳ್ಳೋದು ಏನೂ ಇಲ್ಲ. ಆ ದಿನ ಹಾರಾಟ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಹೋಗುವಾಗ ತಾಳಗುಪ್ಪ–ಮೈಸೂರು ರೈಲು. ರಾತ್ರಿ ಶಿವಮೊಗ್ಗದಲ್ಲಿ ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ಹಗಲೆಲ್ಲ ಚಿಕ್ಕಮ್ಮನ ಮನೆಯಲ್ಲಿ ಮಲಗಿ. ಯುರೋಪಿನ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೇ ಹೊರಡುತ್ತವೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಟಿಕೆಟ್ಟಿನಲ್ಲಿ 20ನೇ ತಾರೀಖು 2 ಗಂಟೆ ಅಂತಿದ್ದರೆ 19ರ ರಾತ್ರಿ ಊಟ ಮುಗಿಸಿ ಹೊರಡಬೇಕು. ಟರ್ಮಿನಲ್ 2ಕ್ಕೆ ಹೋಗಿ.

ಅಮ್ಮ, ಅಷ್ಟು ಎತ್ತರದಲ್ಲಿ ಉಸಿರು ಕಟ್ಟುತ್ತಾ ಅಂತ ನೀನು ಕೇಳಿದ್ದೆ. ಬೆಟ್ಟ ಎತ್ತರ ಅಷ್ಟೇ, ಊರು ಇರೋದು ಸುಮಾರು 575 ಮೀಟರ್‌ನಲ್ಲಿ. ನಮ್ಮ ತೀರ್ಥಹಳ್ಳಿಯ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಉಸಿರಿಗೆ ಏನೂ ಆಗೋದಿಲ್ಲ. ಚಳಿಗೆ ಮಾತ್ರ ಸ್ವೆಟರ್ ಬೇಕು. ತುಪ್ಪ, ಪೇಡಾ ತರಬೇಡ, ಹಾಲಿನ ಪದಾರ್ಥ ಒಳಗೆ ಬಿಡೋದಿಲ್ಲ. ಹಸಿ ಕರಿಬೇವೂ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಟ್ಟಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿಡು, ಕೈಚೀಲದಲ್ಲಿ ಬೇಡ. ಮಂಡಿ ನೋವಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿ ಕುರ್ಚಿ ಕೇಳಿ, ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಸಂಕೋಚ ಮಾಡಬೇಡ.

ಸೆಪ್ಟೆಂಬರ್ ಮಧ್ಯದಲ್ಲಿ ಬಂದರೆ ಒಳ್ಳೆಯದು. ತೋಟಕ್ಕೆ ಔಷಧಿ ಹೊಡೆದು ಮುಗಿದಿರುತ್ತದೆ, ಅಡಿಕೆ ಕೊಯ್ಲಿಗೆ ಮೊದಲೇ ವಾಪಸ್ ಹೋಗಬಹುದು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದ ಹಸುಗಳನ್ನು ಇಲ್ಲಿ ಆ ತಿಂಗಳು ಕೆಳಗಿಳಿಸುತ್ತಾರೆ. ಕೊಂಬಿಗೆ ಹೂವು, ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಊರೊಳಗೆ ನಡೆಸಿಕೊಂಡು ಬರುತ್ತಾರೆ. ಅಮ್ಮ ಅದನ್ನು ನೋಡಲೇಬೇಕು.

ವೀಸಾಕ್ಕೆ ಇಬ್ಬರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಪ್ರಯಾಣಕ್ಕೆ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಕಡೇ ಗಳಿಗೆವರೆಗೆ ಕಾಯಬೇಡಿ. ವಾಪಸ್ ಬಂದ ಮೇಲೂ ಮೂರು ತಿಂಗಳು ಪಾಸ್‌ಪೋರ್ಟ್ ಅವಧಿ ಉಳಿದಿರಬೇಕು. ಅಪ್ಪ, ನಿಮ್ಮದರ ಕಡೆಯ ತಾರೀಖು ನೋಡಿ ತಮ್ಮನ ಹತ್ತಿರ ಈ ವಾರವೇ ಮೆಸೇಜ್ ಮಾಡಿಸಿ. ಅದು ಗೊತ್ತಾದ ಕೂಡಲೇ ಆಹ್ವಾನ ಪತ್ರ ಕಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು