ಆ ಒಂದು ‘ಬೇಡ’ಕ್ಕೆ ಥ್ಯಾಂಕ್ಸ್

ಮೊನ್ನೆ ಒಂದು ವರ್ಷದ ಸ್ಕ್ಯಾನ್ ಮುಗಿಯಿತು. ಬಲಗಣ್ಣಿನ ಕಾರ್ನಿಯಾ (ಕಣ್ಣಿನ ಮುಂದಿರುವ ಪಾರದರ್ಶಕ ಪೊರೆ) ಹೋದ ಸಲ ಹೇಗಿತ್ತೋ ಹಾಗೇ ಇದೆ, ಇನ್ನಷ್ಟು ಉಬ್ಬಿಲ್ಲ. ಇನ್ನು ತಡ ಮಾಡದೆ ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ನಾನು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದು ಲೇಸಿಕ್, ಅಂದ್ರೆ ನಂಬರ್ ತೆಗೆಯುವ ಲೇಸರ್ ಆಪರೇಷನ್ ಮಾಡಿಸಿ ಕನ್ನಡಕ ಬಿಡೋಣ ಅಂತ. ನೋವಿಲ್ಲ, ಕೆಂಪಿಲ್ಲ, ಕನ್ನಡಕ ಹಾಕಿದರೆ 6/6 ಕಾಣುತ್ತಿತ್ತು. ಸಿಲಿಂಡರ್ ನಂಬರ್ (ಕಾರ್ನಿಯಾದ ಓರೆಕೋರೆ ಸರಿಪಡಿಸುವ ಪವರ್) ಮಾತ್ರ ಆಗಾಗ ಬದಲಾಗುತ್ತಿತ್ತು. ಅದು ಮಾಮೂಲು ಅಂದುಕೊಂಡಿದ್ದೆ.

ಮೊದಲ ಥ್ಯಾಂಕ್ಸ್ ಸ್ಕ್ಯಾನ್ ಮಾಡಿದ ಮೇಡಂಗೆ. ಗಲ್ಲ ಊರಿ, ಹಣೆ ತಾಗಿಸಿ ಕೂತೆ. ನೀಲಿ ಬೆಳಕಿನ ಗೆರೆಯೊಂದು ಕಣ್ಣೆದುರು ಸುತ್ತು ಹೊಡೆಯಿತು. ಎರಡೇ ಸೆಕೆಂಡ್. ಅವರು ಸ್ಕ್ರೀನ್ ನೋಡಿ, “ಲೆನ್ಸ್ ಯಾವಾಗ ತೆಗೆದ್ರಿ?” ಅಂದರು. ನಿನ್ನೆ ರಾತ್ರಿ ಅಂದೆ. “ಹಾಗಾದ್ರೆ ಇದನ್ನ ನಂಬೋಕಾಗಲ್ಲ. ಎರಡು ವಾರ ಲೆನ್ಸ್ ಹಾಕದೆ ಬನ್ನಿ.” ಕಾಂಟ್ಯಾಕ್ಟ್ ಲೆನ್ಸಿನಿಂದಲೂ ಕಾರ್ನಿಯಾದ ಆಕಾರ ಬದಲಾಗಬಹುದು, ಬಿಟ್ಟರೆ ಮೊದಲಿನ ಹಾಗಾಗುತ್ತದೆ. ನನ್ನದು ಆಗಲಿಲ್ಲ. ಎರಡು ವಾರ ಬಿಟ್ಟು ಹೋದಾಗಲೂ ಮೊದಲ ಸ್ಕ್ಯಾನಿನಲ್ಲಿ ಕಂಡಿದ್ದ ಗುರುತು ಅಲ್ಲೇ ಇತ್ತು.

ಡಾಕ್ಟರ್ ನಾಲ್ಕು ಮ್ಯಾಪ್‌ಗಳ ಹಾಳೆಯನ್ನು ಮುಂದಿಟ್ಟರು. ಕಾರ್ನಿಯಾದ ಮುಂಭಾಗದ ಮ್ಯಾಪ್‌ನಲ್ಲಿ ಕೆಳಗಡೆ ಒಂಚೂರು ಕಿತ್ತಳೆ ಬಣ್ಣ, ಅಷ್ಟೇ. ಹಿಂಭಾಗದ ಮ್ಯಾಪ್‌ನಲ್ಲಿ ಅದೇ ಜಾಗದಲ್ಲಿ ಸ್ಪಷ್ಟವಾದ ಉಬ್ಬು. ಅತಿ ತೆಳುವಾದ ಜಾಗವೂ ನಡುವಿನಿಂದ ಜಾರಿ ಅಲ್ಲಿಗೇ ಬಂದಿತ್ತು, 492 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಸಾಮಾನ್ಯವಾಗಿ ನಡುಭಾಗ 540ರ ಆಸುಪಾಸು ಇರುತ್ತದೆ. ತೆಳುವಾಗಿದ್ದ ಮಾತ್ರಕ್ಕೆ ಕಾಯಿಲೆ ಅಲ್ಲ, ಮೂರೂ ಒಂದೇ ಕಡೆ ಸೇರಿದ್ದು ನೋಡಿ ಅಂದರು.

ಇನ್ನೊಂದು ವಿಷಯ ಕೇಳಿ ನಾನು ನಿಜಕ್ಕೂ ಬೆರಗಾದೆ. ಕಾರ್ನಿಯಾದ ಮೇಲೆ ಸುಮಾರು 50 ಮೈಕ್ರಾನ್ ದಪ್ಪದ ಒಂದು ಪದರ ಇದೆ. ಒಳಗೆ ಉಬ್ಬಿದ ಕಡೆ ಆ ಪದರ ತಾನೇ ತೆಳುವಾಗಿ, ಸುತ್ತ ದಪ್ಪವಾಗಿ, ಮೇಲಿಂದ ಎಲ್ಲ ಸಮ ಇರುವಂತೆ ತೋರಿಸಿಬಿಡುತ್ತದೆ. ಮುಂಭಾಗವನ್ನಷ್ಟೇ ನೋಡಿದ್ದರೆ ತಪ್ಪಿಹೋಗಬಹುದಿತ್ತು, ಅಲ್ವಾ? ಓಸಿಟಿ ಅನ್ನುವ, ಬೆಳಕಿನಿಂದ ಪದರ ಪದರವಾಗಿ ತೋರಿಸುವ ಸ್ಕ್ಯಾನ್‌ನಲ್ಲಿ ಆ ಪದರವನ್ನೂ ಅಳೆದರು. ಆಮೇಲೆಯೇ ಆ ಹೆಸರು ಹೇಳಿದ್ದು: ಕೆರಟೋಕೋನಸ್, ಅಂದ್ರೆ ಕಾರ್ನಿಯಾ ತೆಳುವಾಗಿ ಕೋನ್ ಥರ ಉಬ್ಬುವ ಕಾಯಿಲೆ, ಶುರುವಿನ ಹಂತ.

“ನಂಬರ್ ಸ್ವಲ್ಪ ಉಳಿದರೂ ಪರವಾಗಿಲ್ಲ, ಮಾಡಿಬಿಡಿ ಸಾರ್” ಅಂತ ಗೋಗರೆದೆ. “ಬೇಡ” ಅಂದರು. ಲೇಸಿಕ್‌ನಲ್ಲಿ 100 ಮೈಕ್ರಾನಿಗೂ ಜಾಸ್ತಿ ದಪ್ಪದ ಪದರ ಎತ್ತಿ, ಅದರ ಕೆಳಗೆ ಲೇಸರ್‌ನಿಂದ ಇನ್ನಷ್ಟು ತೆಗೆಯುತ್ತಾರೆ. ಮೊದಲೇ ಬಲ ಕಡಿಮೆ ಇರುವ ಕಾರ್ನಿಯಾ ಆಮೇಲೆ ಜೋರಾಗಿ ಉಬ್ಬಿಬಿಡಬಹುದು. ಡಾಕ್ಟರ್, ಅವತ್ತು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಎದ್ದು ಬಂದಿದ್ದೆ. ಕ್ಷಮಿಸಿ. ನನ್ನ ಕಣ್ಣು ಉಳಿದದ್ದು ನಿಮ್ಮಿಂದ.

ಆರು ತಿಂಗಳಲ್ಲಿ ಬಲಗಣ್ಣಿನ ಉಬ್ಬು ಸ್ವಲ್ಪ ಏರಿತ್ತು. ಕಾರ್ನಿಯಾವನ್ನು ಗಟ್ಟಿ ಮಾಡುವ ಕ್ರಾಸ್ ಲಿಂಕಿಂಗ್ ಚಿಕಿತ್ಸೆ ಆಯಿತು. ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟರು. ಮೊದಲ ಮೂರು ದಿನ ಕಣ್ಣು ಬಿಡೋಕಾಗದಷ್ಟು ಉರಿ. ಪರದೆ ಎಳೆದ ಕೋಣೆಯಲ್ಲಿ ತಂಗಿ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡು, ರಾತ್ರಿಯೂ ಎದ್ದು ಬಂದು ಡ್ರಾಪ್ಸ್ ಹಾಕಿದಳು. ಒಂದು ಸಲವೂ ತಪ್ಪಿಸಲಿಲ್ಲ ಕಣೇ ನೀನು. ಆಫೀಸಿನ ಗೆಳೆಯರೂ ಅಷ್ಟೇ. ಕಣ್ಣುಜ್ಜಿದರೆ ಈ ಕಾಯಿಲೆ ಹೆಚ್ಚಾಗಬಹುದು. ನಾನು ಕಣ್ಣುಜ್ಜೋಕೆ ಹೋದರೆ ಸಾಕು, ಯಾರಾದರೂ ಒಬ್ಬರು “ಕೈ!” ಅನ್ನುತ್ತಿದ್ದರು. ಉಜ್ಜುವ ಚಟ ಈಗ ಬಿಟ್ಟಿದೆ.

ಎಡಗಣ್ಣಿಗೆ ಸದ್ಯಕ್ಕೆ ಏನೂ ಬೇಕಿಲ್ಲ, ನೋಡುತ್ತಿದ್ದರೆ ಸಾಕಂತೆ. ಇದು ಮನೆಯವರಲ್ಲೂ ಇರಬಹುದು ಅಂತ ತಂಗಿಗೂ ಸ್ಕ್ಯಾನ್ ಆಯಿತು. ತೆಗೆದದ್ದು ಅದೇ ಮೇಡಂ. ಅವಳ ಕಣ್ಣು ಎರಡೂ ಚೆನ್ನಾಗಿವೆ.