ನಯಾಗರ ಆಮೇಲೆ, ಮೊದಲು ನ್ಯೂ ಆರ್ಲಿಯನ್ಸ್‌ಗೆ ಬಾ

ಪ್ರಿಯ ಗೆಳೆಯ,

ಬರುವ ವರ್ಷ ನೀವಿಬ್ಬರೂ ಮಗಳ ಮನೆಗೆ ಬರುವುದು ಖಾಯಂ ಆಯಿತೆಂದು ಓದಿ ನಮಗೆ ಹಿಗ್ಗೋ ಹಿಗ್ಗು. ಏನೇನು ನೋಡಬೇಕು ಎಂದು ಕೇಳಿದ್ದೀಯ. ನಯಾಗರ, ನ್ಯೂಯಾರ್ಕ್ ಎಲ್ಲ ಮಗಳೇ ತೋರಿಸುತ್ತಾಳೆ, ಬಿಡು. ಊರ ಹುಡುಗರಿಗೆ ಇಷ್ಟು ವರ್ಷದಿಂದ ತಮಟೆ ಕಲಿಸುತ್ತಿರುವ ನೀನು ಈ ದೇಶಕ್ಕೆ ಬಂದು ಜಾಝ್ ಸಂಗೀತದ ತವರಾದ ನ್ಯೂ ಆರ್ಲಿಯನ್ಸ್ ನೋಡದೆ ವಾಪಸ್ ಹೋಗಬಾರದು. ಮಗ ಕಾಲೇಜಿಗೆ ಹೋದಾಗಿನಿಂದ ನಮ್ಮ ಮನೆ ಬಿಕೋ ಅನ್ನುತ್ತಿತ್ತು. ಹೋದ ಶುಕ್ರವಾರ ನಾನೂ ಇವಳೂ ಹೊರಟೇಬಿಟ್ಟೆವು. ಅಲ್ಲಿ ಕೇಳಿದ್ದನ್ನು ನಿನಗೆ ಹೇಳುವವರೆಗೂ ನನಗೆ ಸಮಾಧಾನವಿಲ್ಲ.

ನಮ್ಮ ಹ್ಯೂಸ್ಟನ್‌ನಿಂದ ಐ-10 ಹೆದ್ದಾರಿ ಹಿಡಿದರೆ ಸುಮಾರು 560 ಕಿಲೋಮೀಟರ್. ನಡುವೆ ಅಚಾಫಲಾಯಾ ಜೌಗಿನ ಮೇಲೆ 29 ಕಿಲೋಮೀಟರ್ ಉದ್ದದ ಸೇತುವೆ ಸಿಗುತ್ತದೆ. ಎರಡೂ ಕಡೆ ನೀರು, ನೀರಿನೊಳಗೇ ನಿಂತ ಸೈಪ್ರೆಸ್ ಮರಗಳು. ಹೊತ್ತು ಮುಳುಗುವಾಗ ಅದರ ಮೇಲೆ ಹೋಗುತ್ತಿದ್ದೆವು, ಇವಳು ರೇಡಿಯೊ ನಿಲ್ಲಿಸಿ ಸುಮ್ಮನೆ ನೋಡುತ್ತಾ ಕೂತಳು.

ಬೆಳಗ್ಗೆ ಎದ್ದು ಮೊದಲು ಹೋದದ್ದು ಕೆಫೆ ದು ಮೋಂಡ್‌ಗೆ. 1862ರಿಂದ ನಡೆಯುತ್ತಿರುವ ಕಾಫಿ ಅಂಗಡಿ ಅದು. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್, ಅದಕ್ಕೆ ಸಮಸಮ ಬಿಸಿ ಹಾಲು. ಒಂದು ಗುಟುಕು ಕುಡಿದರೆ ನೀನು ಮಂಡ್ಯದಲ್ಲೇ ಇದ್ದೀನಿ ಅಂದುಕೊಳ್ಳುತ್ತೀಯ. 1860ರ ದಶಕದಲ್ಲಿ ಈ ದೇಶದ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಬೀಜಕ್ಕೆ ಬರ ಬಂದಾಗ ಚಿಕೋರಿ ಬೇರು ಬೆರೆಸುವುದು ಇಲ್ಲಿ ಬೇರೂರಿತು, ಬರ ಹೋದ ಮೇಲೂ ಆ ರುಚಿಯನ್ನು ಊರು ಬಿಡಲಿಲ್ಲ. ಅಮೆರಿಕದಲ್ಲಿರುವ ನಮ್ಮವರ ಎಷ್ಟೋ ಅಡುಗೆಮನೆಗಳಲ್ಲಿ ಫಿಲ್ಟರ್ ಕಾಫಿಗೆಂದು ಈ ಅಂಗಡಿಯ ಡಬ್ಬಿಯೇ ಇರುತ್ತದೆ. ಕಾಫಿಯ ಜೊತೆ ಬೆನ್ಯೇ ಎಂಬ ಚೌಕಾಕಾರದ ಕರಿದ ತಿಂಡಿ ಕೊಡುತ್ತಾರೆ, ಒಂದು ತಟ್ಟೆಗೆ ಮೂರು, ಮೇಲೆ ಬೆಟ್ಟದಷ್ಟು ಸಕ್ಕರೆ ಪುಡಿ.

ನಮ್ಮ ತಂಗಮ್ಮ ಮಾಂಸ ಮುಟ್ಟುವುದಿಲ್ಲ ಅಲ್ಲವೇ, ಇವಳ ಹಾಗೆ? ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹುರುಳಿಕಾಯಿ ಪಲ್ಯದಂತೆ ಕಂಡರೂ ಅದರಲ್ಲಿ ಹಂದಿಮಾಂಸ ಬಿದ್ದಿರಬಹುದು, ಕೆಂಪು ಕಾಳಿನ ಅನ್ನಕ್ಕೂ ಸಾಮಾನ್ಯವಾಗಿ ಸಾಸೇಜ್ ಹಾಕಿರುತ್ತಾರೆ. ಪ್ರತಿಯೊಂದನ್ನೂ ಕೇಳಿಯೇ ತಿನ್ನಬೇಕು. ಇವಳಿಗೆ ಹುರಿದ ಬೆಂಡೆಕಾಯಿ, ಕಾಯಿ ಟೊಮ್ಯಾಟೊ ಕರಿದದ್ದು ಚೆನ್ನಾಗಿ ಒಗ್ಗಿತು. ನಾನು ಬೆಂಡೆಕಾಯಿ ಹಾಕಿದ ಏಡಿ-ಸೀಗಡಿ ಗಂಬೊ ಹೊಡೆದೆ. ಅನ್ನದ ಮೇಲೆ ಸಾರಿನ ಹಾಗೆ ಸುರಿದು ಕೊಡುತ್ತಾರೆ, ಆಫ್ರಿಕಾದಿಂದ ಬಂದವರ ಕೈರುಚಿ ಅದು.

ಪ್ರವಾಸಿಗರೆಲ್ಲ ಮುಗಿಬೀಳುವ ಹಳೆಯ ಬಡಾವಣೆ ಫ್ರೆಂಚ್ ಕ್ವಾರ್ಟರ್ ಚೆಂದವೇ, ಆದರೆ ಬೇಗ ಮುಗಿಸಬಹುದು. ಹೆಸರು ಫ್ರೆಂಚರದಾದರೂ ಸ್ಪೇನಿನವರ ಆಳ್ವಿಕೆಯಲ್ಲಿ, 1788 ಮತ್ತು 1794ರಲ್ಲಿ, ದೊಡ್ಡ ಬೆಂಕಿ ಬಿದ್ದು ಹಳೆಯ ಮನೆಗಳು ಸುಟ್ಟುಹೋದವು. ಆಮೇಲೆ ಎದ್ದ ಕಟ್ಟಡಗಳಲ್ಲಿ ಸ್ಪೇನಿನ ಒಳಾಂಗಳಗಳೇ ಹೆಚ್ಚು. ಬೋರ್ಬನ್ ಸ್ಟ್ರೀಟಿನ ಕುಡಿತದ ಗಲಾಟೆ ನನಗೆ ಹಿಡಿಸಲಿಲ್ಲ. ಸೇಂಟ್ ಚಾರ್ಲ್ಸ್ ಅವೆನ್ಯೂದ ಹಸಿರು ಟ್ರಾಮ್ ಮಾತ್ರ ತಪ್ಪಿಸಬೇಡ. 1835ರಲ್ಲಿ ಶುರುವಾದ ಮಾರ್ಗ, ಓಕ್ ಮರಗಳ ಚಪ್ಪರದ ಕೆಳಗೇ ಓಡುತ್ತದೆ. ಮಾರ್ಡಿ ಗ್ರಾ ಹಬ್ಬದಲ್ಲಿ ಎಸೆದ ಮಣಿಸರಗಳು ವರ್ಷವಿಡೀ ಆ ಕೊಂಬೆಗಳಲ್ಲಿ ತೂಗುತ್ತಿರುತ್ತವೆ.

ಶನಿವಾರ ರಾತ್ರಿ ಜಾಝ್ ಕೇಳಲು ಪ್ರಿಸರ್ವೇಶನ್ ಹಾಲ್‌ಗೆ ಹೋದೆವು. ಪ್ಲಾಸ್ಟರ್ ಉದುರಿದ ಗೋಡೆಯ ಸಣ್ಣ ಕೋಣೆ, ಒಂದಿಷ್ಟು ಮರದ ಬೆಂಚು, ಮುಂದೆ ನೆಲದ ಮೇಲೆ ದಿಂಬು. ಕುಡಿಯಲು ಏನೂ ಮಾರುವುದಿಲ್ಲ, ನುಡಿಸುವಾಗ ಫೋಟೊ ತೆಗೆಯುವ ಹಾಗಿಲ್ಲ. 1961ರಲ್ಲಿ ಶುರುವಾದಾಗ ಬಿಳಿಯರೂ ಕರಿಯರೂ ಜೊತೆಗೆ ಕೂತು ಕೇಳುವುದೇ ಇಲ್ಲಿ ಅಪರೂಪವಾಗಿತ್ತು. ಟ್ರಾಂಬೋನ್ ಎಂಬ ಉದ್ದನೆಯ ತುತ್ತೂರಿ ನುಡಿಸುವವನು ಅದನ್ನು ಚಾಚಿದರೆ ಮುಂದಿನ ಸಾಲಿನವರ ಮೊಣಕಾಲಿಗೆ ತಾಗುತ್ತದೇನೋ ಅನ್ನುವಷ್ಟು ಹತ್ತಿರ ಕೂತಿದ್ದೆವು. ಮುಕ್ಕಾಲು ಗಂಟೆಯ ಕಛೇರಿ ಮುಗಿದಾಗ ಇವಳು ನನ್ನ ಕೈ ಹಿಡಿದೇ ಇದ್ದಳು.

ಆದರೆ ನೀನು ಬರಬೇಕಾದದ್ದು ಭಾನುವಾರಕ್ಕೆ.

ಅಂತರ್ಯುದ್ಧಕ್ಕೆ ಮುಂಚೆ ಈ ದೇಶದ ಅತಿ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದದ್ದು ಇದೇ ಊರಿನಲ್ಲಿ. ಬೇರೆ ಕಡೆ ಗುಲಾಮರು ಡೋಲು ಮುಟ್ಟಿದರೂ ಧಣಿಗಳು ಹೆದರುತ್ತಿದ್ದರು, ನಿಷೇಧಿಸುತ್ತಿದ್ದರು. ಇಲ್ಲಿ ಭಾನುವಾರ ಅವರಿಗೆ ಬಿಡುವು ಸಿಗುತ್ತಿತ್ತು. 1817ರಲ್ಲಿ ನಗರಾಡಳಿತ ಅವರೆಲ್ಲ ಒಂದೇ ಕಡೆ ಸೇರಬೇಕೆಂದು ಕಟ್ಟಳೆ ಮಾಡಿತು. ಆ ಬಯಲೇ ಟ್ರೆಮೆ ಬಡಾವಣೆಯ ಕಾಂಗೋ ಸ್ಕ್ವೇರ್. ಅಲ್ಲಿ ಉಳಿದ ಆಫ್ರಿಕಾದ ಬಡಿತವೇ ಮುಂದೆ ಜಾಝ್‌ನ ಮೈಯಲ್ಲಿ ಸೇರಿಕೊಂಡಿತು. ಬಾರಿಸುವವರನ್ನು ಹೊರಗಿಟ್ಟು, ಅವರ ಬಡಿತ ಮಾತ್ರ ಬೇಕು ಎನ್ನುವ ಸಮಾಜ ನಿನಗೆ ಹೊಸದಲ್ಲ. ತಮಟೆ ಹಿಡಿದವರ ಕೇರಿಯಲ್ಲಿ ಕೂತು ಕಲಿತವನು ನೀನು. ಆ ಬಯಲಿನಲ್ಲಿ ನಿಂತಾಗ ನಿನ್ನನ್ನೇ ನೆನೆಸಿಕೊಂಡೆ.

ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ವಿಮೆ ಕಂಪನಿಗಳು ಕಪ್ಪು ಜನರನ್ನು ಹತ್ತಿರ ಸೇರಿಸದಿದ್ದಾಗ ಅವರೇ ಸಂಘ ಕಟ್ಟಿಕೊಂಡು, ಕಾಯಿಲೆಗೆ, ಮಣ್ಣು ಮಾಡುವ ಖರ್ಚಿಗೆ ಚಂದಾ ಕೂಡಿಸಿದರು. ಆ ಪರಂಪರೆಯ ಸಂಘಗಳು ಈಗಲೂ ವರ್ಷಕ್ಕೊಮ್ಮೆ ಸರದಿಯಂತೆ ಮೆರವಣಿಗೆ ಹೊರಡುತ್ತವೆ. ಸಂಘದವರು ಮತ್ತು ಬ್ಯಾಂಡ್ ಮೊದಲ ಸಾಲು, ಹಿಂದೆ ಕುಣಿಯುತ್ತಾ ಹೋಗುವ ಊರ ಜನ ಎರಡನೆಯ ಸಾಲು. ಅದಕ್ಕೇ ಸೆಕೆಂಡ್ ಲೈನ್ ಅನ್ನುತ್ತಾರೆ. ಟಿಕೆಟ್ ಇಲ್ಲ, ಕುರ್ಚಿಯೂ ಇಲ್ಲ. ನಡೆಯುವ ಕಾಲಿದ್ದರೆ ಸಾಕು.

ನಾವು ಹೋದಾಗ ಒಂದು ಮನೆಯ ಮುಂದೆ ಜನ ಜಮಾಯಿಸಿದ್ದರು. ಬಾಗಿಲು ತೆರೆಯಿತು, ತಲೆಯಿಂದ ಶೂ ತನಕ ಒಂದೇ ಬಣ್ಣ ತೊಟ್ಟವರು ಗರಿಯ ಬೀಸಣಿಗೆ ಹಿಡಿದು ಒಬ್ಬೊಬ್ಬರಾಗಿ ಕುಣಿಯುತ್ತಾ ಇಳಿದರು. ನಾನು ದೊಡ್ಡ ಡೋಲಿನವನ ಪಕ್ಕವೇ ನಡೆದೆ. ಅವನ ಬಲಗೈಯಲ್ಲಿ ಬಡಿಗೆ, ಎಡಗೈಯಲ್ಲಿ ಒಂದು ಸ್ಕ್ರೂ ಡ್ರೈವರ್. ಡೋಲಿನ ನೆತ್ತಿಗೆ ತಾಳ ಕಟ್ಟಿರುತ್ತಾರೆ. ಕೆಳಗೆ ದಮ್ಮೆಂದಾಗ ಮೇಲೆ ಕಣಕಣ, ಒಬ್ಬನೇ ಮನುಷ್ಯ ಎರಡು ಲಯ ಹೊಡೆಯುತ್ತಾ ನಡೆಯುತ್ತಾನೆ. ನಾಲ್ಕನೆಯ ಪೆಟ್ಟಿನ ಮೇಲೆ ಒತ್ತು ಬೀಳುತ್ತದೆ, ಹೆಜ್ಜೆ ತಾನಾಗಿ ಪುಟಿಯುತ್ತದೆ. ನೀನು ಕೇಳಿದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತೀಯ. ಮದುವೆ ಮನೆಯಲ್ಲೂ ಮೂಲೆ ಹಿಡಿದು ನಿಲ್ಲುವ ಇವಳು ಇಲ್ಲಿ ಕರ್ಚೀಫು ಬೀಸುತ್ತಾ ನಡುರಸ್ತೆಯಲ್ಲಿ ಕುಣಿದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಅವಳಿಗೆ ಹೆಜ್ಜೆ ತೋರಿಸಿಕೊಟ್ಟಳು.

ಸಾವಿನ ಮನೆಯಲ್ಲೂ ಇದೇ ಬ್ಯಾಂಡ್. ಶವದ ಜೊತೆ ಹೋಗುವಾಗ ನಿಧಾನದ ಭಕ್ತಿಗೀತೆ, ಡೋಲಿನ ಸದ್ದೂ ಅಡಗಿರುತ್ತದೆ. ದೇಹವನ್ನು ಬೀಳ್ಕೊಟ್ಟ ಮೇಲೆ ಡೋಲು ಬಾಯಿ ಬಿಡುತ್ತದೆ, ಎಲ್ಲರೂ ಕುಣಿಯುತ್ತಾ ವಾಪಸ್ಸು ಬರುತ್ತಾರೆ. ಬಾಳಿ ಬದುಕಿದ ಹಣ್ಣು ಮುದುಕರನ್ನು ನಮ್ಮೂರಲ್ಲಿ ತಮಟೆ ಬಡಿಸಿ ಕಳಿಸಿಕೊಡುವುದಿಲ್ಲವೇ, ಹಾಗೆ.

ಮೆರವಣಿಗೆ ಕ್ಲೇಬೋರ್ನ್ ಅವೆನ್ಯೂಗೆ ಬಂದಾಗ ಮೇಲೆ ಕಾಂಕ್ರೀಟ್ ಸೇತುವೆ. ಒಂದು ಕಾಲದಲ್ಲಿ ಅಲ್ಲಿ ಸಾಲು ಸಾಲು ಓಕ್ ಮರಗಳಿದ್ದವು, ಕಪ್ಪು ಜನರ ಅಂಗಡಿ, ಹಬ್ಬ, ಪಿಕ್‌ನಿಕ್ ಎಲ್ಲವೂ ಅವುಗಳ ನೆರಳಿನಲ್ಲಿ. 1966ರಲ್ಲಿ ಮರಗಳನ್ನು ಕಡಿದು ಹೆದ್ದಾರಿ ಎತ್ತಿದರು. ನಾವು ಹ್ಯೂಸ್ಟನ್‌ನಿಂದ ಬಂದ ಅದೇ ಐ-10. ಈಗ ಸೇತುವೆಯ ಕಂಬಗಳ ಮೇಲೆ ಜನ ಮರಗಳ ಚಿತ್ರ ಬರೆದಿದ್ದಾರೆ. ಬ್ಯಾಂಡ್ ಅದರ ಕೆಳಗೆ ಬಂದು ನಿಂತು ಪೂರ್ತಿ ಉಸಿರಿನಲ್ಲಿ ಊದುತ್ತದೆ, ಕಾಂಕ್ರೀಟಿಗೆ ಬಡಿದ ಸದ್ದು ಎದೆಗೆ ಬಂದು ಗುದ್ದುತ್ತದೆ. ನನಗೆ ಕಣ್ಣು ತುಂಬಿ ಬಂತು ಕಣೋ. ತಮ್ಮ ಬೀದಿಯನ್ನು ಹಾಳು ಮಾಡಿದ ಸೇತುವೆಯನ್ನೇ ವಾದ್ಯ ಮಾಡಿಕೊಂಡ ಜನ ಅವರು.

ಇದೇ ಜನ 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತಕ್ಕೆ ಸಿಕ್ಕವರು. ಒಡ್ಡುಗಳು ಒಡೆದು ಊರಿನ ಶೇ. 80ರಷ್ಟು ಭಾಗ ಮುಳುಗಿತು. ಸಾವಿರಾರು ಮಂದಿ ಬಸ್ಸಿನಲ್ಲಿ ನಮ್ಮ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಬಂದು ಮಲಗಿದರು, ಎಷ್ಟೋ ಜನ ವಾಪಸ್ಸು ಹೋಗಲೇ ಇಲ್ಲ. ಹೋದವರು ಮನೆಗೆ ಸೂರು ಹಾಕುವ ಜೊತೆಗೇ ಮೆರವಣಿಗೆಯನ್ನೂ ಮತ್ತೆ ಎಬ್ಬಿಸಿದರು.

ಇನ್ನೊಂದು ಸಂಗತಿ ಕೇಳಿದರೆ ನಿನಗೆ ಆಶ್ಚರ್ಯವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಂಗಾಳದ ಹೂಗ್ಲಿ ಕಡೆಯ ಮುಸಲ್ಮಾನ ವ್ಯಾಪಾರಿಗಳು ಕಸೂತಿ ಬಟ್ಟೆ ಹೊತ್ತು ಈ ಊರಿಗೆ ಬಂದಿದ್ದರು. ಕೆಲವರು ಟ್ರೆಮೆಯಲ್ಲೇ ಮನೆ ಮಾಡಿ, ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆ ನಿಂತರು. ನಾವು ಕುಣಿದ ಬೀದಿಗಳಲ್ಲಿ ಅವರೂ ಓಡಾಡಿರಬೇಕು.

ಟಿಕೆಟ್ ಮಾಡಿಸುವಾಗ ನವೆಂಬರ್ ನೋಡು. ಬೇಸಿಗೆಯ ಸೆಕೆ ಮಂಗಳೂರಿನದ್ದಕ್ಕಿಂತ ಕಡಿಮೆಯೇನಲ್ಲ, ಮೆರವಣಿಗೆಗಳೂ ಆಗ ಇರುವುದಿಲ್ಲ. ಯಾವ ಭಾನುವಾರ ಯಾವ ಬೀದಿ ಎಂದು ಅಲ್ಲಿನ ಡಬ್ಲ್ಯೂಡಬ್ಲ್ಯೂಓಝಡ್ ರೇಡಿಯೊದವರು ಆ ವಾರವೇ ಪ್ರಕಟಿಸುತ್ತಾರೆ, ಅದು ನನ್ನ ಜವಾಬ್ದಾರಿ. ಮಗಳ ಮನೆಯಿಂದ ಹ್ಯೂಸ್ಟನ್‌ಗೆ ಬಂದುಬಿಡಿ, ಅಲ್ಲಿಂದ ನಾಲ್ವರೂ ಕಾರಿನಲ್ಲಿ ಹೋಗೋಣ. ನಿನ್ನ ತಮಟೆಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಬಾ, ಚರ್ಮದ್ದನ್ನು ವಿಮಾನದಲ್ಲಿ ತರಲು ಬಿಡುತ್ತಾರೋ ಎಂದು ವಿಚಾರಿಸಿ, ಆಗದಿದ್ದರೆ ಫೈಬರಿನದ್ದೇ ತಾ.

ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ತಾರೀಖು ಗೊತ್ತಾದ ತಕ್ಷಣ ಬರೆ, ನಾನು ರಜೆ ಹಾಕಬೇಕು.

ನಿನ್ನ
ಹಳೇ ಬೆಂಚಿನ ಗೆಳೆಯ