ನೆಗೆಟಿವ್ ಗುಜರಿಗೆ ಹಾಕುವ ಮುನ್ನ

ಮಾನ್ಯರೇ,

ಆಲ್ಬಮ್ಮಿನ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಅವುಗಳ ಮೂಲ ಫಿಲ್ಮಾದ ನೆಗೆಟಿವ್‌ಗಳನ್ನು ಗುಜರಿಗೆ ಹಾಕುವವರಿದ್ದಾರೆ. ಫೋಟೊಗಿಂತ ಹೆಚ್ಚು ವಿವರ ಇರುವುದು ನೆಗೆಟಿವ್‌ನಲ್ಲೇ. ಮನೆಯಲ್ಲೇ ಸ್ಕ್ಯಾನ್ ಮಾಡಬಹುದು. ಆದರೆ ಕಾಗದಪತ್ರದ ಮಾಮೂಲಿ ಸ್ಕ್ಯಾನರ್ ಆಗದು, ಮುಚ್ಚಳದಲ್ಲೂ ದೀಪ ಇರುವಂಥದ್ದೇ ಬೇಕು. ಫಿಲ್ಮಿನ ಮೂಲಕ ಬೆಳಕು ಹಾಯದಿದ್ದರೆ ಸಿಗುವುದು ಕಪ್ಪು ಪಟ್ಟಿ ಅಷ್ಟೆ. ಫಿಲ್ಮನ್ನು ನೇರ ಗಾಜಿಗೆ ತಾಗಿಸಿದರೆ ಬಣ್ಣದ ಉಂಗುರಗಳು ಮೂಡುತ್ತವೆ, ಹಾಗಾಗಿ ಫಿಲ್ಮನ್ನು ಗಾಜಿಗೆ ತಾಗದಂತೆ ಹಿಡಿಯುವ ಹೋಲ್ಡರ್ ಬಳಸಿ.

35 ಮಿ.ಮೀ. ಫಿಲ್ಮಿಗೆ 2400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು. ಒಂದು ಚಿತ್ರಕ್ಕೆ ಸುಮಾರು 3400×2260 ಪಿಕ್ಸೆಲ್ ಸಿಗುತ್ತದೆ. ಸ್ಕ್ಯಾನರ್ ಡಬ್ಬದ ಮೇಲಿನ 6400 ಡಿಪಿಐ ನಂಬಿದರೆ ಫೈಲ್ ದಪ್ಪವಾದೀತೇ ಹೊರತು ವಿವರ ಅಷ್ಟೇನೂ ಹೆಚ್ಚದು. ವಿವರ ಕಳೆಯದ ಫೈಲ್ ಮಾದರಿಯಾದ 16 ಬಿಟ್ ಟಿಫ್‌ನಲ್ಲಿ ಉಳಿಸಿ.

ದೂಳು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯ ಕಲರ್ ನೆಗೆಟಿವ್‌ಗೆ ಸರಿ, ಮಾಮೂಲಿ ಕಪ್ಪುಬಿಳುಪಿಗೆ ಆಗದು. ಅದರಲ್ಲಿ ಚಿತ್ರದ ಬೆಳ್ಳಿಯ ಕಣಗಳೇ ದೂಳಿನಂತೆ ಆ ಕಿರಣವನ್ನು ತಡೆಯುತ್ತವೆ. ಸಾಫ್ಟ್‌ವೇರ್ ಅವನ್ನೂ ದೂಳೆಂದು ತಿಳಿದು ಅಜ್ಜಿಯ ಮೂಗುತಿಯನ್ನೇ ಅಳಿಸಿಬಿಟ್ಟೀತು! ಅದಕ್ಕೆ ರಬ್ಬರ್ ಬ್ಲೋವರ್ ಸರಿ. ಬಾಯಿಂದ ಊದಬೇಡಿ, ಎಂಜಲಿನ ಕಲೆ ಕೂರುತ್ತದೆ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ಬೂಷ್ಟು ಹಿಡಿದ ಫಿಲ್ಮನ್ನು ನೀರಿನಲ್ಲಿ ತೊಳೆಯಲೇಬೇಡಿ. ಚಿತ್ರವನ್ನು ಹಿಡಿದಿಟ್ಟ ಜಿಲೆಟಿನ್ ಪದರವನ್ನು ಬೂಷ್ಟು ತಿಂದಿದ್ದರೆ ಅದು ನೀರಿನಲ್ಲಿ ಕರಗಿ, ಚಿತ್ರವೂ ಜತೆಗೇ ಹೋಗುತ್ತದೆ.

– ಹವ್ಯಾಸಿ ಛಾಯಾಗ್ರಾಹಕ, ಉಡುಪಿ